ಗಿಡಕ್ಕಿಂತ ಮೊದಲು ಗಡುವು ಕೇಳಿ

ಹೊಸದಾಗಿ ಜಮೀನು ಕೊಂಡು ತೋಟ ಮಾಡಹೊರಟವರಿಗೆ ಒಂದು ಬಹಿರಂಗ ಪತ್ರ



2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಬಂದವರು ಬಂದಿದ್ದೀರಿ. ಕೆಲವರದು ಎರಡು ಎಕರೆ, ಕೆಲವರದು ಐದು, ಇನ್ನು ಕೆಲವರದು ಅಜ್ಜನ ಕಾಲದಿಂದ ಬೀಳುಬಿದ್ದಿದ್ದ ನೆಲ. ತಂತಿಬೇಲಿ ಆಗಿದೆ, ಬೋರು ಕೊರೆಸಿದ್ದೀರಿ, ಗೇಟಿಗೆ ಹೆಸರಿನ ಫಲಕವೂ ಬಂದಿದೆ. ಆಮೇಲೆ ನಮ್ಮಂಥ ನರ್ಸರಿಯವರ ಹತ್ತಿರ ಬಂದು ನೀವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಗಿಡ ಹಾಕಿದ್ರೆ ಒಳ್ಳೇದು?"

ಗಿಡ ಮಾರಿಯೇ ಹೊಟ್ಟೆ ಹೊರೆಯುವ ನಾನು ಈ ಪ್ರಶ್ನೆ ಕೇಳಿ ಖುಷಿಪಡಬೇಕು. ನೀವು ಕೇಳಿದಿರಿ, ನಾನು ಲಾರಿಗೆ ತುಂಬಿಸಿದೆ, ಅಲ್ಲಿಗೆ ವ್ಯವಹಾರ ಚುಕ್ತಾ. ಆದರೆ ಕೊಂಡುಹೋದ ಗಿಡಗಳು ಏನಾದವು ಎಂಬ ಸುದ್ದಿಯೂ ತಿರುಗಿ ನಮ್ಮ ಕಿವಿಗೆ ಬೀಳುತ್ತಿರುತ್ತದೆ. ನಾನು ಕಂಡಂತೆ ರೋಗ ಬಂದು ಸತ್ತ ಗಿಡ ಕಡಿಮೆ. ಒಡೆಯನಿಗೆ ಪುರುಸೊತ್ತಿದ್ದ ದಿನ ಗಿಡಕ್ಕೆ ಕೆಲಸವಿರಲಿಲ್ಲ, ಗಿಡಕ್ಕೆ ಕೆಲಸವಿದ್ದ ದಿನ ಒಡೆಯ ಊರಲ್ಲಿರಲಿಲ್ಲ. ಹಾಗೆ ಹೋದವೇ ಜಾಸ್ತಿ.

ಹಾಗಾಗಿ ನಾನು ಹೇಳಬೇಕಾದ್ದು ಇಷ್ಟೇ. ತೋಟಗಾರಿಕೆ ಎಂದು ನಾವು ಕರೆಯುವುದರ ಒಳಗೆ ಏಳೆಂಟು ಬೇರೆ ಬೇರೆ ಕಸುಬುಗಳಿವೆ. ಒಂದಕ್ಕೆ ದಿನದ ಗಡುವು, ಒಂದಕ್ಕೆ ವಾರದ್ದು, ಮತ್ತೊಂದಕ್ಕೆ ಹತ್ತು ವರ್ಷದ್ದು. ಯಾವ ಗಡುವಿಗೆ ನೀವು ತಲೆಕೊಡಬಲ್ಲಿರಿ ಎಂಬುದು ತೀರ್ಮಾನವಾಗಲಿ, ಗಿಡದ ಮಾತು ಆಮೇಲೆ.

ಮೊದಲು ಬುಡದಿಂದ ಶುರುಮಾಡೋಣ. ರಾಗಿ, ಜೋಳ, ತೊಗರಿ ಹೊಲದ ಬೆಳೆ. ಹಣ್ಣು, ತರಕಾರಿ, ಹೂವು, ತೆಂಗು, ಅಡಿಕೆ, ಕಾಫಿ, ಸಾಂಬಾರ ಪದಾರ್ಥ, ಔಷಧಿ ಗಿಡ ಇವೆಲ್ಲ ತೋಟಗಾರಿಕೆ. ಈ ಪಟ್ಟಿ ಎಲ್ಲರಿಗೂ ಗೊತ್ತು. ಅದರ ಹಿಂದೆ ಮೂರು ವ್ಯತ್ಯಾಸಗಳಿವೆ, ಅವನ್ನು ತಿಳಿದುಕೊಳ್ಳುವುದು ಮುಖ್ಯ. ರಾಗಿ ಬೆಳೆಯುವವನು ಹೊಲವನ್ನು ನೋಡುತ್ತಾನೆ, ಪೈರನ್ನು ಒಂದೊಂದಾಗಿ ಎಣಿಸುವುದಿಲ್ಲ. ತೋಟದಲ್ಲಿ ಲೆಕ್ಕವೆಲ್ಲ ಗಿಡದ್ದೇ. ಹತ್ತು ಮೀಟರ್ ಅಂತರಕ್ಕೆ ಮಾವು ನೆಟ್ಟರೆ ಎಕರೆಗೆ 40 ಮರ. ಒಂದು ಹೋದರೆ ತೋಟದಲ್ಲಿ ನೂರಕ್ಕೆ ಎರಡೂವರೆ ಪಾಲು ಹೋದಂತೆ, ಆ ಜಾಗ ಮತ್ತೆ ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಎರಡನೆಯದು ಕೊಯ್ಲಿನ ನಂತರದ ಸಂಗತಿ. ಒಣಗಿಸಿದ ರಾಗಿ ವರ್ಷಗಟ್ಟಲೆ ಕಣಜದಲ್ಲಿ ಕೂತಿರುತ್ತದೆ. ಟೊಮೆಟೊ, ಮಲ್ಲಿಗೆ, ಬಾಳೆ ಕೊಯ್ದ ಮೇಲೂ ಬದುಕಿರುತ್ತವೆ, ಉಸಿರಾಡುತ್ತವೆ, ಬುಟ್ಟಿಯಲ್ಲೇ ನೀರು ಬಿಟ್ಟು ತೂಕ ಇಳಿಯುತ್ತವೆ. ಮೂರನೆಯದು ವಂಶದ ಮಾತು. ರಾಗಿ ಬಿತ್ತಿದರೆ ಅದೇ ತಳಿಯ ರಾಗಿ ಬರುತ್ತದೆ. ಬಾದಾಮಿ ಮಾವಿನ ಓಟೆ ನೆಟ್ಟರೆ ಬರುವ ಮರ ಬಾದಾಮಿಯಾಗಿರುವುದಿಲ್ಲ. ಹುಳಿಯೋ ನಾರೋ, ಅದರ ಹಣೆಬರಹ. ಅದಕ್ಕೇ ಈ ಕಸುಬಿನ ತಳಪಾಯವೆಲ್ಲ ಸಸ್ಯಾಭಿವೃದ್ಧಿಯ ಮೇಲೆ, ಅಂದರೆ ಬೇಕಾದ ಮರವನ್ನು ಇದ್ದ ಹಾಗೇ ಇನ್ನೊಂದು ಮಾಡುವ ಕಲೆಯ ಮೇಲೆ ನಿಂತಿದೆ.

ಅದು ಹೇಗೆಂದು ತಿಳಿಯಲು ಮಾವಿನ ಮೃದುಕಾಂಡ ಕಸಿಯನ್ನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿ. ಓಟೆಯಿಂದೆದ್ದ ಬೇರುಗಿಡದ ತುದಿ ಇನ್ನೂ ಎಳಸಾಗಿರುವಾಗಲೇ ಕತ್ತರಿಸಿ, ನಡುವೆ ಒಂದಂಗುಲಕ್ಕಿಂತ ತುಸು ಹೆಚ್ಚು ಸೀಳುತ್ತಾರೆ. ಒಳ್ಳೆಯ ಮರದಿಂದ ಪೆನ್ಸಿಲ್ ದಪ್ಪದ ಕಡ್ಡಿ ತರುತ್ತಾರೆ. ಆ ಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ, ಮರದಲ್ಲಿದ್ದಾಗಲೇ ಸವರಿಟ್ಟಿರುತ್ತಾರೆ. ಆಗ ಕಣ್ಣು ಉಬ್ಬಿ ತಯಾರಾಗುತ್ತದೆ. ಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯಂತೆ ಹೆರೆದು ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೊಂದು ಕವರು ತೊಡಿಸಿದರೆ ಕೈಕೆಲಸ ಮುಗಿಯಿತು. ಉಳಿದದ್ದು ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳ್ಳನೆಯ ಕ್ಯಾಂಬಿಯಂ ಎಂಬ ಪದರದ ಕೆಲಸ. ಕಡ್ಡಿಯ ಪದರ ಬೇರುಗಿಡದ ಪದರಕ್ಕೆ ತಾಗಿ ಕೂತರೆ ಎರಡು ಮೂರು ವಾರದಲ್ಲಿ ಚಿಗುರು. ಜಾರಿದರೆ ಕಡ್ಡಿ ಕಪ್ಪಾಗುತ್ತದೆ.

ನೀವು ಗಿಡ ಕೊಳ್ಳುವಾಗ ಎತ್ತರ ನೋಡುತ್ತೀರಿ. ಎತ್ತರ ಬಿಟ್ಟು ಈ ಗಂಟು ನೋಡಿ. ಗಂಟು ಮಣ್ಣಿನ ಮೇಲಿರಬೇಕು, ನೆಟ್ಟ ಮೇಲೂ ಮೇಲೇ ಉಳಿಯಬೇಕು. ಗಂಟಿನ ಕೆಳಗಿಂದ ಬರುವ ಚಿಗುರು ಬೇರುಗಿಡದ್ದು. ಅದು ಎಷ್ಟೇ ಸೊಂಪಾಗಿರಲಿ, ಕಂಡ ಕೂಡಲೇ ಚಿವುಟಿ. ಚಿವುಟದೆ ಬಿಟ್ಟರೆ ಮೇಲಿನ ಕಸಿ ಸೊರಗಿ ಕೆಳಗಿನದೇ ಮರವಾಗುತ್ತದೆ, ಸಂಗತಿ ಗೊತ್ತಾಗುವುದು ಐದನೇ ವರ್ಷ ಕಾಯಿ ಕಚ್ಚಿದಾಗ. ದಾಳಿಂಬೆಗೆ ಗೂಟಿ, ಮಲ್ಲಿಗೆಗೆ ಕಡ್ಡಿ, ಬಾಳೆಗೆ ಕಂದು ಇಲ್ಲವೇ ಅಂಗಾಂಶ ಕೃಷಿಯ ಸಸಿ, ಹೀಗೆ ಪ್ರತಿಯೊಂದಕ್ಕೂ ಅದರದೇ ದಾರಿ. ವಿಜಯಪುರದ ಕಡೆ ಸವಳು ನೀರಿಗೂ ಬರಕ್ಕೂ ತಡೆಯಲೆಂದು ದ್ರಾಕ್ಷಿಯನ್ನು ಡಾಗ್‌ರಿಜ್ ಎಂಬ ಕಾಡು ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅಡಿಕೆ, ತೆಂಗಿನಲ್ಲಿ ಕ್ಯಾಂಬಿಯಂ ಇಲ್ಲವೇ ಇಲ್ಲ, ಹಾಗಾಗಿ ಕಸಿಯ ಮಾತೂ ಇಲ್ಲ. ಬೆಳೆಗಾರನ ಕೈಯಲ್ಲಿರುವುದು ತಾಯಿಮರ ಆರಿಸುವುದೊಂದೇ. "ಅಡಿಕೆ ಕಸಿ ಗಿಡ ಇದೆಯಾ?" ಎಂದು ಕೇಳುವವರಿಗೆ "ಇದೆ" ಎಂದು ಉತ್ತರ ಸಿಕ್ಕರೆ ಆ ನರ್ಸರಿಯಿಂದ ಬರಿಗೈಯಲ್ಲಿ ಹೊರಟುಬಿಡಿ.

ಈಗ ಒಂದೊಂದೇ ಶಾಖೆಗೆ ಬರೋಣ.

ತರಕಾರಿಯ ಗಡುವು ಬಲು ಬಿಗಿ. ಕೊತ್ತಂಬರಿ ತಿಂಗಳೊಪ್ಪತ್ತಿನದು, ಹುರುಳಿಕಾಯಿ ಒಂದೂವರೆ ತಿಂಗಳಿಗೆ ಕೊಯ್ಲು. ಟೊಮೆಟೊ ನಾಟಿಯಾಗಿ ಎರಡು ಎರಡೂಕಾಲು ತಿಂಗಳಿಗೆ ಹಣ್ಣು ಬಿಡಲು ಶುರುವಾದರೆ ಮೂರು ನಾಲ್ಕು ದಿನಕ್ಕೊಮ್ಮೆ ಬಿಡಿಸುತ್ತಲೇ ಇರಬೇಕು. ತರಕಾರಿ ಬೆಳೆಯುವುದೆಂದರೆ ಕರೆಯುವ ಹಸು ಕಟ್ಟಿದ ಹಾಗೆ. ಹಬ್ಬವಿರಲಿ, ಮದುವೆಯಿರಲಿ, ಕೆಚ್ಚಲು ಕಾಯುವುದಿಲ್ಲ. ಬಿಳಿನೊಣ ಕೂತು ಎಲೆಮುದುಡು ವೈರಸ್ ಅಂಟಿಸಿ ಹೋಗಲು ಒಂದು ವಾರದ ಅಲಕ್ಷ್ಯ ಸಾಕು. ಹೆಸರಘಟ್ಟದಲ್ಲಿ 1967ರಿಂದ ಕೆಲಸ ಮಾಡುತ್ತಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ವೈರಸ್, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಕೊಟ್ಟಿದೆ. ಅಂಥ ಬೀಜ ಅರ್ಧ ತಲೆನೋವು ಕಳೆಯುತ್ತದೆ, ಇನ್ನರ್ಧ ನಿಮ್ಮದೇ. ಮುಖ್ಯವಾಗಿ ಬೆಳೆ ಬದಲಾವಣೆ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಅಮೆರಿಕ ಖಂಡದಿಂದ ಬಂದವು, ಬದನೆ ನಮ್ಮ ಕಡೆಯದು. ಆದರೂ ನಾಲ್ಕೂ ಒಂದೇ ಕುಟುಂಬ. ಒಂದಾದ ಮೇಲೆ ಇನ್ನೊಂದನ್ನು ಅದೇ ಮಡಿಗೆ ಹಾಕಿದರೆ ಮಣ್ಣಿನ ಸೊರಗು ರೋಗಕ್ಕೆ ಊಟ ತಪ್ಪುವುದೇ ಇಲ್ಲ. ನಡುವೆ ಒಮ್ಮೆ ಜೋಳವನ್ನೋ ಚೆಂಡುಹೂವನ್ನೋ ಹಾಕಿ ನೆಲಕ್ಕೆ ಬಿಡುವು ಕೊಡಿ.

ಇನ್ನು ಬೆಲೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಅದನ್ನು ಟಿವಿಯಲ್ಲಿ ನೋಡಿ ಸಸಿ ಬುಕ್ ಮಾಡಲು ಓಡಿಬಂದವರ ಬೆಳೆ ಕೈಗೆ ಬರುವ ಹೊತ್ತಿಗೆ ಬೆಲೆ ಇಳಿದಾಗಿತ್ತು. ತರಕಾರಿಯಲ್ಲಿ ಇಂದಿನ ಬೆಲೆ ಇಂದು ಕೊಯ್ಯುವವನಿಗೆ ಮಾತ್ರ. ಶನಿವಾರ ಬಂದು ಭಾನುವಾರ ಹೋಗುವವರಿಗೆ ಮನೆಬಳಕೆಯ ನಾಲ್ಕು ಮಡಿ ಸಾಕು, ಎಕರೆಗಟ್ಟಲೆ ಬೇಡ.

ಹೂವಿನ ಗಡುವು ತರಕಾರಿಗಿಂತಲೂ ಚಿಕ್ಕದು, ಅಲ್ಲಿ ಗಂಟೆಯ ಲೆಕ್ಕ. ಉಡುಪಿ ಸೀಮೆಯ ಶಂಕರಪುರ ಮಲ್ಲಿಗೆ ನೋಡಿ. ಮೊಗ್ಗು ಅರಳುವ ಮೊದಲೇ, ಬೆಳಗಿನ ತಂಪಿನಲ್ಲಿ ಬಿಡಿಸಬೇಕು. ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಹೂ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಬೇರೆ. ಮದುವೆ ಮುಹೂರ್ತದ ದಿನ ಒಂದು, ಆಷಾಢದಲ್ಲಿ ಇನ್ನೊಂದು. ಮನೆಯ ಹಿತ್ತಲಲ್ಲಿ ನಾಲ್ಕೈದು ಡಜನ್ ಗಿಡ ಇಟ್ಟುಕೊಂಡ ಹೆಂಗಸರು ಈ ಕಸುಬನ್ನು ನಡೆಸಿಕೊಂಡು ಬಂದಿರುವುದಕ್ಕೆ ಕಾರಣವಿದೆ: ಬಿಡಿಸುವ ಕೈ, ಕಟ್ಟುವ ಕೈ ಎರಡೂ ಆ ಮನೆಯಲ್ಲೇ ಇವೆ. ಕೂಲಿ ಹಿಡಿದು ಮಲ್ಲಿಗೆ ಬೆಳೆಯಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ.

ಸೇವಂತಿಗೆಯದು ಇನ್ನೊಂದು ತಮಾಷೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೋಗುವಾಗ ಹೊಲದ ತುಂಬ ಬಲ್ಬಿನ ಸಾಲು ಉರಿಯುವುದನ್ನು ಕಂಡಿರಬಹುದು. ಜಾತ್ರೆಯಲ್ಲ, ಸೇವಂತಿಗೆ ತೋಟ. ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಕಟ್ಟುವ ಗಿಡ ಅದು. ದೀಪ ಹಚ್ಚಿ ರಾತ್ರಿಯನ್ನು ಮೊಟಕು ಮಾಡಿದರೆ ಗಿಡ ಹೂವಿನ ಯೋಚನೆ ಬಿಟ್ಟು ಎಲೆ ಕಾಂಡ ಬೆಳೆಸುತ್ತದೆ. ಗಿಡ ಬಲಿತ ಮೇಲೆ ದೀಪ ಆರಿಸಿದರೆ ಬೆಳೆಗಾರ ಗುರಿಯಿಟ್ಟ ಹಬ್ಬದ ಹೊತ್ತಿಗೆ ಹೂ. ದೀಪ ಆರಿಸುವ ದಿನ ತಪ್ಪಿದರೆ ಹಬ್ಬ ತಪ್ಪಿತು, ಹಬ್ಬ ತಪ್ಪಿದರೆ ಬೆಲೆ ತಪ್ಪಿತು. ಪಾಲಿಹೌಸ್ ಗುಲಾಬಿಗಂತೂ ನಿತ್ಯ ಎರಡು ಹೊತ್ತು ಆಳು ಬೇಕು. ಸಬ್ಸಿಡಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಪಾಲಿಹೌಸ್ ಕಟ್ಟಿಸಬೇಡಿ.

ಹಣ್ಣಿನ ಬೆಳೆ ನಿಮ್ಮಲ್ಲಿ ಹಲವರಿಗೆ ಒಗ್ಗುವ ಶಾಖೆ. ಆದರೆ ಅದರಲ್ಲೂ ಪಂಗಡಗಳಿವೆ. ಮಾವು, ಹಲಸು, ನೇರಳೆ, ಹುಣಸೆ ತಾಳ್ಮೆಯವು. ಮಾವು ಫಲಕ್ಕೆ ಬರಲು ನಾಲ್ಕೈದು ವರ್ಷ ತೆಗೆದುಕೊಳ್ಳುತ್ತದೆ. ಬಾದಾಮಿಯಂಥ ತಳಿ ಒಂದು ವರ್ಷ ಹೊರೆ ಹೊತ್ತರೆ ಮರುವರ್ಷ ಸುಮ್ಮನೆ ನಿಲ್ಲುವುದೂ ಉಂಟು. ಮೊದಲ ಮೂರು ಬೇಸಿಗೆ ನೀರು ತಪ್ಪದೆ ದಾಟಿಸಿದರೆ ಆಮೇಲೆ ಅದು ನಿಮ್ಮನ್ನು ಹೆಚ್ಚು ಕಾಡುವುದಿಲ್ಲ. ದ್ರಾಕ್ಷಿ ಹಾಗಲ್ಲ. ವಿಜಯಪುರದ ಬೆಳೆಗಾರರನ್ನು ಕೇಳಿ, ವರ್ಷವೆಂದರೆ ಅವರಿಗೆ ಎರಡು ಚಾಟಣಿ, ಅಂದರೆ ಎರಡು ಸಲ ಬಳ್ಳಿ ಸವರುವ ಕೆಲಸ. ಏಪ್ರಿಲ್ ಚಾಟಣಿ ಕಡ್ಡಿಗಾಗಿ: ಆಗ ಬಂದ ಚಿಗುರಿನ ಕಣ್ಣುಗಳಲ್ಲಿ ಬಿಸಿಲಿನ ತಿಂಗಳುಗಳಲ್ಲೇ ಮುಂದಿನ ಗೊಂಚಲು ಗುಟ್ಟಾಗಿ ರೂಪುಗೊಳ್ಳುತ್ತದೆ. ಅಕ್ಟೋಬರ್ ಚಾಟಣಿ ಹಣ್ಣಿಗಾಗಿ: ಆ ಕಣ್ಣು ಒಡೆದು ಗೊಂಚಲು ಹೊರಬರುತ್ತದೆ, ಫೆಬ್ರವರಿ ಮಾರ್ಚಿಗೆ ಕೊಯ್ಲು. ಚಾಟಣಿ ಆದ ವಾರಗಳಲ್ಲಿ ಮಳೆ ಹಿಡಿದರೆ ಬೂಜು ರೋಗಕ್ಕೆ ಔಷಧಿ ಹೊಡೆಯುವವನು ತೋಟದಲ್ಲೇ ಮಲಗಬೇಕು.

ದಾಳಿಂಬೆಯಲ್ಲಿ ಇನ್ನೊಂದು ಬಗೆಯ ಶಿಸ್ತು. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಗೊಬ್ಬರ ಕೊಟ್ಟು ಒಮ್ಮೆಲೇ ಹೂ ಬರಿಸುವ ಪದ್ಧತಿಗೆ ಬಹಾರ್ ಎನ್ನುತ್ತಾರೆ. ಮಳೆಗಾಲದ ಬಹಾರ್ ಹಿಡಿದರೆ ನೀರಿನ ಖರ್ಚು ಕಡಿಮೆ, ಆದರೆ ದುಂಡಾಣು ಅಂಗಮಾರಿ ಕಾಟ ಹೆಚ್ಚು. ಅದಕ್ಕೇ ಬಾಗಲಕೋಟೆ, ಕೊಪ್ಪಳದ ಎಷ್ಟೋ ಬೆಳೆಗಾರರು ಒಣ ಹವೆಯ ಬಹಾರ್‌ಗೆ ಸರಿದಿದ್ದಾರೆ. ಒಂದೇ ಗಿಡ, ಗಡುವು ಬದಲಿಸಿದರೆ ಬೇರೆಯೇ ಬೆಳೆ. ಬಾಳೆ ವರ್ಷದ ಬೆಳೆ. ನಂಜನಗೂಡು ರಸಬಾಳೆಯನ್ನು ಪನಾಮಾ ಸೊರಗು ರೋಗ ಹೇಗೆ ಮೂಲೆಗೆ ತಳ್ಳಿತೆಂಬುದನ್ನು ಆ ಕಡೆಯ ಹಿರಿಯರಿಂದ ಕೇಳಿ ತಿಳಿದುಕೊಳ್ಳಿ. ರೋಗ ಹತ್ತಿದ ತೋಟದಿಂದ ಕಂದು ತರಬಾರದೆಂಬ ಪಾಠ ಸರಿಯಾಗಿ ತಲೆಗೆ ಹೋಗುತ್ತದೆ.

ನಾಲ್ಕನೆಯದು ತೋಟಪಟ್ಟಿ ಬೆಳೆಗಳು: ಅಡಿಕೆ, ತೆಂಗು, ಕಾಫಿ, ಗೇರು. ಇಲ್ಲಿ ಗಡುವು ತಲೆಮಾರಿನದು. ನೀವು ಕೇಳುವ ಹತ್ತರಲ್ಲಿ ಏಳು ಗಿಡ ಅಡಿಕೆಯೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2.7 ಮೀಟರ್, ಅಂದರೆ ಒಂಬತ್ತು ಅಡಿ ಅಂತರಕ್ಕೆ ನೆಟ್ಟರೆ ಎಕರೆಗೆ ಸುಮಾರು 550 ಸಸಿ. ಬೇಸಿಗೆಯಲ್ಲಿ ಡ್ರಿಪ್ ಹಾಕಿದರೂ ಫಲದ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಗುಣಿಸಿ ನೋಡಿ, ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಆಸುಪಾಸು. ಈ ನೀರು ಬೇಕಾಗುವುದು ನಿಮ್ಮ ಬೋರು ಅತ್ಯಂತ ಬಡವಾಗಿರುವ ಏಪ್ರಿಲ್ ಮೇ ತಿಂಗಳಲ್ಲಿ. ಮಲೆನಾಡಿನ ಕಣಿವೆಯಲ್ಲಿ, ಸೊಪ್ಪಿನ ಬೆಟ್ಟದ ನೆರಳಲ್ಲಿ ಬೆಳೆಯುತ್ತಿದ್ದ ಮರವನ್ನು ಬಯಲುಸೀಮೆಯ ಬೋರಿನ ಮೇಲೆ ನಂಬಿ ಹಾಕುವವರು ಈ ಗುಣಾಕಾರವನ್ನು ಮೊದಲ ದಿನವೇ ಮಾಡಬೇಕು. ಮರ ಒಳ್ಳೆಯ ಫಲಕ್ಕೆ ಬರುವುದು ಆರೇಳು ವರ್ಷಕ್ಕೆ. ಅಷ್ಟರಲ್ಲಿ ಬೋರು ಬತ್ತಿದರೆ ಮರವನ್ನು ಇನ್ನೊಂದು ಕಡೆ ಹೊತ್ತೊಯ್ಯಲಾಗದು.

ಮಳೆ ಜೋರಿರುವ ಕಡೆಗಾದರೆ ಕೊಳೆರೋಗ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದಲ್ಲಿ ದುಡಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಈ ರೋಗದ ಬೆನ್ನುಹತ್ತಿ, ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರ ಬೋರ್ಡೊ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದರು. ಇಂದಿಗೂ ಅದೇ ಮದ್ದು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಮೂರನೆಯದಕ್ಕೆ ಒಟ್ಟಿಗೆ ಸುರಿಯುತ್ತಾರೆ. ಆಮೇಲೆ ಒಬ್ಬ ಬಂದು ಹರಿತವಾದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಎತ್ತಿ ಬಿಸಿಲಿಗೆ ಹಿಡಿಯುತ್ತಾನೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಳೆಗಾಯಿ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಅಲಗು ಬೆಳ್ಳಗೆ ಉಳಿದರೆ ಮರ ಹತ್ತಬಹುದು. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ, ಮಳೆ ಕೊಟ್ಟ ಬಿಡುವಿನಲ್ಲಿ. ಆ ಬಿಡುವು ಭಾನುವಾರವೇ ಬರುತ್ತದೆಂಬ ಖಾತರಿಯಿಲ್ಲ, ಬಂದ ದಿನ ಮರ ಹತ್ತುವವನು ಸಿಗುತ್ತಾನೆಂಬ ಖಾತರಿ ಅದಕ್ಕಿಂತ ಕಡಿಮೆ.

ಕಾಫಿಯವರಿಗೆ ಇಂಥದೇ ಒಂದು ತೇದಿ ಹೂಮಳೆಯದು. ಫೆಬ್ರವರಿ ಮಾರ್ಚಿನ ಒಂದು ಒಳ್ಳೆಯ ಮಳೆಗೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಹೂ ಕಾಯಾಗಿ ಹಣ್ಣಾಗಲು ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಇನ್ನೂ ಒಂದೆರಡು ತಿಂಗಳು ಜಾಸ್ತಿ.

ಸಾಂಬಾರ ಮತ್ತು ಔಷಧಿ ಬೆಳೆಗಳ ವಿಚಾರದಲ್ಲಿ ನನಗೆ ಒಂದೇ ಎಚ್ಚರಿಕೆ ಹೇಳಬೇಕಿದೆ. ಕಾಳುಮೆಣಸು ಅಡಿಕೆ ಮರಕ್ಕೇ ಹಬ್ಬಿಸಿಕೊಂಡರೆ ಒಳ್ಳೆಯ ಜೊತೆಗಾರ. ಆದರೆ ಯಾವುದಾದರೂ ಬೆಳೆಯನ್ನು "ಹಸಿರು ಚಿನ್ನ" ಎಂದು ಯಾರಾದರೂ ಮಾರತೊಡಗಿದರೆ ವೆನಿಲಾ ಕತೆ ನೆನಪಿಸಿಕೊಳ್ಳಿ. ವೆನಿಲಾ ಹೂ ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಕೈಯಿಂದ ಪರಾಗ ಮುಟ್ಟಿಸಬೇಕು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಆಗ ಹನ್ನೆರಡರ ಪ್ರಾಯದ ಗುಲಾಮ ಹುಡುಗ. 2003ರ ಆಸುಪಾಸಿನಲ್ಲಿ ಬೆಲೆ ಗಗನಕ್ಕೇರಿದಾಗ ಕರಾವಳಿ ಮಲೆನಾಡಿನ ಮನೆಮನೆಯಲ್ಲೂ ಬೆಳಗೆದ್ದು ಹೂ ಮುಟ್ಟಿಸುವ ಕೆಲಸ ನಡೆಯಿತು. ಕೋಡು ಬಲಿಯಲು ಒಂಬತ್ತು ತಿಂಗಳು ಬೇಕು, ಬಳ್ಳಿ ನೆಟ್ಟು ಹೂ ಬರಲು ಮೂರು ವರ್ಷ. ತಡವಾಗಿ ನೆಟ್ಟವರ ಬಳ್ಳಿ ಕೋಡು ಬಿಡುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಶ್ರೀಗಂಧವೂ ಹಾಗೇ ಕಣ್ಣು ಕೋರೈಸುತ್ತದೆ. ಅದು ಅರೆಪರಾವಲಂಬಿ ಮರ, ಬೇರಿಗೆ ಆಸರೆಯಾಗಿ ಪಕ್ಕದಲ್ಲಿ ಬೇರೆ ಗಿಡಗಳು ಇರಲೇಬೇಕು. ಕಾಯಬೇಕಾದ ಕಾಲವೂ ದೀರ್ಘ, ಕಾಯಬೇಕಾದ ಕಳ್ಳರೂ ಬಹಳ.

ಕೊಯ್ಲೇ ಇಲ್ಲದ ಒಂದು ಶಾಖೆಯೂ ಇದೆ, ಉದ್ಯಾನ ವಿನ್ಯಾಸ. ಜರ್ಮನಿಯವರಾದ ಜಿ.ಎಚ್. ಕ್ರುಂಬಿಗಲ್ 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡುವಂತೆ ಸಾಲುಮರ ಹಾಕಿಸಿದ್ದು ಅವರ ಯೋಚನೆ. ಗುಣಾಕಾರ ಮಾಡಿ ನೋಡಿದ ಮೇಲೆ ನಿಮ್ಮಲ್ಲಿ ಅನೇಕರಿಗೆ ಬೇಕಾದದ್ದು ಈ ಶಾಖೆಯೇ ಎಂದು ನನಗನಿಸುತ್ತದೆ: ರಜೆಯಲ್ಲಿ ಬಂದರೆ ನೆರಳು, ಮಕ್ಕಳಿಗೆ ಹತ್ತಲೊಂದು ಮರ, ಹಕ್ಕಿ, ಒಂದಿಷ್ಟು ಹಣ್ಣು. ಅದನ್ನು ಒಪ್ಪಿಕೊಳ್ಳಲು ಮುಜುಗರ ಬೇಡ. ಬೇಲಿಗುಂಟ ಹೊಂಗೆ, ಬೇವು, ನೇರಳೆ, ಹಲಸು, ಹುಣಸೆ ಹಾಕಿ, ಎರಡು ಮೂರು ಬೇಸಿಗೆ ನೀರು ಕೊಟ್ಟು ನೆಮ್ಮದಿಯಾಗಿರಿ. ನಷ್ಟದ ಅಡಿಕೆಗಿಂತ ಅದು ಪ್ರಾಮಾಣಿಕ ತೋಟ.

ಕೊನೆಯ ಶಾಖೆ ಕೊಯ್ಲೋತ್ತರದ್ದು. ಎಲ್ಲರೂ ಮರೆಯುವುದು ಇದನ್ನೇ. ಮಾವು, ಬಾಳೆ, ಪಪ್ಪಾಯಿ, ಸಪೋಟ ಕೊಯ್ದ ಮೇಲೆ ಹಣ್ಣಾಗುತ್ತವೆ. ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಆಗುವುದಿಲ್ಲ, ಹುಳಿಯಿರುವಾಗ ಕಿತ್ತರೆ ಹುಳಿಯಾಗಿಯೇ ಉಳಿಯುತ್ತವೆ. ಮಾವನ್ನು ತೊಟ್ಟಿನ ಸಮೇತ ಇಳಿಸಿ, ಸೊನೆ ಬಸಿಯಲು ಬಿಟ್ಟು ಆಮೇಲೆ ಜೋಡಿಸಿದರೆ ಸಿಪ್ಪೆಗೆ ಕಪ್ಪು ಕಲೆಯಿಲ್ಲ. ದೊಣ್ಣೆಯಲ್ಲಿ ಬಡಿದು ಉದುರಿಸಿದರೆ ನಾಲ್ಕೈದು ವರ್ಷದ ಆರೈಕೆ ನಾಲ್ಕು ದಿನದಲ್ಲಿ ಕೊಳೆಯುತ್ತದೆ. ಬೇಗ ಹಣ್ಣಾಗಲೆಂದು ಕಾರ್ಬೈಡ್ ಹಾಕುವುದು ಕಾನೂನಿಗೆ ವಿರುದ್ಧ. ಎಥಿಲೀನ್ ಕೋಣೆಗೆ ಅನುಮತಿಯಿದೆ. ಬಾಳೆಯನ್ನು ತಣ್ಣಗಿರಲೆಂದು ಫ್ರಿಜ್ಜಿನಂಥ ಚಳಿಗೆ ಹಾಕಿದರೆ ಸಿಪ್ಪೆ ಕಪ್ಪಾಗುತ್ತದೆ. ವಿಜಯಪುರದಲ್ಲಿ ಮಾರಾಟವಾಗದ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡುತ್ತಾರೆ. ನಾಳೆಯೇ ಮಾರಬೇಕೆಂಬ ಹಣ್ಣಿನ ಗಡುವನ್ನು ತಿಂಗಳುಗಳಿಗೆ ಮುಂದೂಡಿದ ಜಾಣತನ ಅದು.

ಈ ಶಾಖೆಗಳನ್ನು ಒಟ್ಟಿಗೆ ಹಿಡಿದು ನೋಡಿದ ಒಬ್ಬರನ್ನು ನೆನೆಯಲೇಬೇಕು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ಚುಕ್ಕಾಣಿ ಹಿಡಿದ ಡಾ. ಎಂ.ಎಚ್. ಮರಿಗೌಡರು. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿ ಬಂದವರು ರೈತನಿಗೆ ಬರೀ ಸಸಿ ಕೊಟ್ಟರೆ ಸಾಲದೆಂದು ಕಂಡುಕೊಂಡರು. ಒಳ್ಳೆಯ ಸಸಿಗೆ ಊರೂರಲ್ಲಿ ಸಸ್ಯಕ್ಷೇತ್ರ, ಮಣ್ಣಿಗೂ ರೋಗಕ್ಕೂ ಪರೀಕ್ಷೆಯ ನೆರವು, ಬೆಳೆದದ್ದನ್ನು ಮಾರಲು ಸಹಕಾರ ಸಂಘ, ಎಲ್ಲವೂ ಜೊತೆಯಲ್ಲೇ ನಡೆಯಬೇಕೆಂಬುದು ಅವರ ದಾರಿ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಇಂದಿನ ಹಾಪ್‌ಕಾಮ್ಸ್. ಮಳೆಯಾಶ್ರಯದ ಒಣನೆಲದಲ್ಲೂ ಮಾವು, ಸಪೋಟ ಬೆಳೆಯಬಹುದೆಂದು ಬಯಲುಸೀಮೆಗೆ ಹೇಳಿಕೊಟ್ಟವರೂ ಅವರೇ.

ಆದ್ದರಿಂದ ಮುಂದಿನ ಸಲ ಗಿಡ ಬುಕ್ ಮಾಡಲು ಹೊರಡುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ಒಂದು, ಏಪ್ರಿಲ್ ಕೊನೆಯಲ್ಲಿ ನಿಮ್ಮ ಬೋರಿನಲ್ಲಿ ಎಷ್ಟು ನೀರಿದೆ? 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ ಮೂರು ಸಾವಿರ ಲೀಟರ್. ಕರೆಂಟು ಎಷ್ಟು ಗಂಟೆ ಇರುತ್ತದೋ ಅಷ್ಟರಿಂದ ಗುಣಿಸಿ. ಜೂನಿನ ಅಳತೆ ನನಗೆ ಬೇಡ.

ಎರಡು, ಮೂರಡಿ ಗುಂಡಿ ತೆಗೆಸಿ ನೋಡಿದ್ದೀರಾ? ಒಂದಡಿಗೇ ಗಡುಸು ಪದರವೋ ಬಂಡೆಯೋ ಸಿಕ್ಕರೆ ಮೇಲಿನ ಕೆಂಪು ಮಣ್ಣಿನ ಅಂದ ಮರದ ಬೇರಿಗೆ ಗೊತ್ತಾಗುವುದಿಲ್ಲ. ಮಣ್ಣು, ನೀರು ಎರಡನ್ನೂ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಸವಳಿನ ಪ್ರಮಾಣ ತಿಳಿಯದೆ ಡ್ರಿಪ್ ಹಾಕಿಸಬೇಡಿ.

ಮೂರು, ಬುಧವಾರ ಮಧ್ಯಾಹ್ನ ತೋಟದಲ್ಲಿ ಯಾರಿರುತ್ತಾರೆ? ಹೆಸರು ಹೇಳಿ. "ಯಾರಾದರೂ ನೋಡಿಕೊಳ್ಳುತ್ತಾರೆ" ಎಂಬುದು ಉತ್ತರವಲ್ಲ.

ನಾಲ್ಕು, ಎಷ್ಟು ವರ್ಷ ಆದಾಯವಿಲ್ಲದೆ ನಡೆಸಬಲ್ಲಿರಿ, ಬೆಳೆದದ್ದು ಯಾವ ಮಂಡಿಗೆ ಹೋಗುತ್ತದೆ? ಆ ಮಂಡಿಗೆ ಗಿಡ ನೆಡುವ ಮೊದಲೇ ಒಂದು ಬೆಳಗಿನ ಜಾವ ಹೋಗಿ ನಿಂತು ಬನ್ನಿ.

ಈ ನಾಲ್ಕು ಉತ್ತರ ಕೈಯಲ್ಲಿದ್ದರೆ ಯಾವ ಗಿಡ ಎಂಬುದನ್ನು ಐದು ನಿಮಿಷದಲ್ಲಿ ಹೇಳಬಹುದು. ಉತ್ತರ ಸಿಗದಿದ್ದರೆ ಈ ವರ್ಷ ಗಿಡವನ್ನೇ ಹಾಕಬೇಡಿ. ಬದು ಹಾಕಿಸಿ, ಸೆಣಬನ್ನೋ ಹುರುಳಿಯನ್ನೋ ಬಿತ್ತಿ ಹೂ ಬರುವಾಗ ಮಣ್ಣಿಗೆ ಸೇರಿಸಿ, ಬೇಲಿಗೆ ಗಾಳಿತಡೆ ಮರ ಹಾಕಿ, ಒಂದು ಪೂರ್ತಿ ಬೇಸಿಗೆ ನಿಮ್ಮ ನೆಲವನ್ನು ನೋಡಿ. ನಮ್ಮ ವ್ಯಾಪಾರ ಒಂದು ವರ್ಷ ತಡವಾದರೆ ಆಗಲಿ. ಒಮ್ಮೆ ಐನೂರು ಸಸಿ ಒಯ್ದು ಕೈಸುಟ್ಟುಕೊಂಡವರು ಮತ್ತೆ ನರ್ಸರಿಯ ಕಡೆ ತಲೆಹಾಕುವುದಿಲ್ಲ. ಐವತ್ತು ಒಯ್ದು ಐವತ್ತನ್ನೂ ಬದುಕಿಸಿಕೊಂಡವರು ಪ್ರತಿ ಮಳೆಗಾಲಕ್ಕೂ ಬರುತ್ತಾರೆ. ನನಗೆ ಬೇಕಾದ ಗಿರಾಕಿಗಳು ಅವರು.

ಇಂತಿ,
ಬಯಲುಸೀಮೆಯ ಒಬ್ಬ ನರ್ಸರಿಯವನು